ಬೆಂ.ಗ್ರಾ. ಜಿಲ್ಲೆ ಅಂತಲೇ ಹಾಕ್ಸೋದಾ?

ಬೆಳಿಗ್ಗೆ ಒಗೆದ ಬಟ್ಟೆ ಹರವುತ್ತಿದ್ದೆ. ಪಕ್ಕದ ಮನೆ ಅಕ್ಕ ಕಾಂಪೌಂಡಿನ ಮೇಲೆ ಮೊಣಕೈ ಊರಿ ಒಂದು ಹಾಳೆ ಚಾಚಿದರು. ಮಗಳ ಮದುವೆಯ ಲಗ್ನಪತ್ರಿಕೆಯ ಪ್ರೂಫು. ಸಂಜೆಯೊಳಗೆ ತಿದ್ದಿ ಕೊಡಬೇಕು ಅಂದಿದ್ದಾರಂತೆ ಪ್ರೆಸ್ಸಿನವರು. "ಒಂದ್ಸಲ ಕಣ್ಣಾಡಿಸಿ ಕೊಡೇ, ನಿಂಗೆ ತಪ್ಪು ಬೇಗ ಕಾಣತ್ತೆ" ಅಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದಿದೆ. ಕುಲದೇವರ ಹೆಸರು ಸರಿ, ಮುಹೂರ್ತ ಸರಿ, ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಸಾಲಾಗಿ ಕೂತಿದ್ದಾರೆ. ಕೆಳಗೆ ವಿಳಾಸ: ದೊಡ್ಡಬಳ್ಳಾಪುರ, ಬೆಂ.ಗ್ರಾ. ಜಿಲ್ಲೆ. ಎಲ್ಲಾ ಸರಿಯಾಗಿದೆ ಅಕ್ಕ ಅಂದೆ.

"ಅಲ್ಲಾ ಕಣೇ, ಈ ಬೆಂ.ಗ್ರಾ. ಅಂತಲೇ ಹಾಕ್ಸೋದಾ? ಉತ್ತರ ಆಯ್ತಂತಲ್ಲಾ?" ಅಂತ ಕೇಳಿದರು ನೋಡಿ, ಅಲ್ಲಿಗೆ ಮುಗೀತು. ಬಕೆಟ್ಟಿನಲ್ಲಿದ್ದ ಬಟ್ಟೆ ಬಕೆಟ್ಟಿನಲ್ಲೇ ಉಳೀತು. ಒಲೆ ಮೇಲಿಟ್ಟ ಬೇಳೆ ನೋಡೋಕೆ ಅಕ್ಕ ಎರಡು ಸಲ ಒಳಗೆ ಹೋಗಿ ಬಂದರು, ಮಾತು ಮಾತ್ರ ನಿಲ್ಲಲಿಲ್ಲ.

ಬೆಂ.ಗ್ರಾ. ಅನ್ನುವುದು ನಮ್ಮ ಕಡೆಯವರಿಗೆ ಎಷ್ಟು ಒಗ್ಗಿಹೋಗಿದೆ ಅಂದರೆ ಅದೊಂದು ಸಂಕ್ಷೇಪ ಅನ್ನುವುದೇ ಮರೆತುಹೋಗಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಪತ್ರ, ಜಾತ್ರೆಯ ಕರಪತ್ರ, ಅಂಗಡಿ ಬೋರ್ಡು, ಎಲ್ಲದರ ಕೊನೆಯಲ್ಲೂ ಬೆಂ.ಗ್ರಾ. ಜಿಲ್ಲೆ. "ಬೆಂಗಳೂರು ಗ್ರಾಮಾಂತರ" ಅಂತ ಪೂರ್ತಿ ಅಚ್ಚುಹಾಕಿಸಿದರೆ ಸಾಲು ಸಾಲದೇ ಕೆಳಗಿಳಿಯುತ್ತೆ. ಅದಕ್ಕೇ ಎರಡು ಚುಕ್ಕೆ ಇಟ್ಟು ಮಡಚಿಬಿಟ್ಟರು. ನನ್ನ ಅಕ್ಕನ ಮಗ ಚಿಕ್ಕವನಿದ್ದಾಗ ಅದನ್ನು "ಬೆಂಗ್ರಾ ಜಿಲ್ಲೆ" ಅಂತ ಒಂದೇ ಉಸಿರಿನಲ್ಲಿ ಓದುತ್ತಿದ್ದ. ಅದೊಂದು ಬೇರೆ ಊರು ಅಂದುಕೊಂಡಿದ್ದ, ಪಾಪ. ಬೆಂಗಳೂರು ಉತ್ತರ ಅನ್ನುವ ಹೊಸ ಹೆಸರನ್ನು ಹೇಗೆ ಮಡಚುತ್ತಾರೋ? ಬೆಂ.ಉ. ಅಂದರೆ ಓದೋಕೆ ಒಂಥರಾ ಅನ್ಸಲ್ವಾ?

ನಮ್ಮ ಜಿಲ್ಲೆ ಹುಟ್ಟಿದ್ದು ಸ್ವಾತಂತ್ರ್ಯೋತ್ಸವದ ದಿನ, 1986ರ ಆಗಸ್ಟ್ 15. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ. ಅಲ್ಲಿಯತನಕ ಎಲ್ಲವೂ ಒಂದೇ ಬೆಂಗಳೂರು ಜಿಲ್ಲೆ. ಅತ್ತ ಚನ್ನಪಟ್ಟಣ, ಕನಕಪುರದಿಂದ ಇತ್ತ ದೊಡ್ಡಬಳ್ಳಾಪುರದವರೆಗೂ ಒಂದೇ ಮನೆ. ಅವತ್ತು ಹಿಸ್ಸೆ ಆಯಿತು. ನಗರ, ಅದರ ಸುತ್ತುಮುತ್ತ, ಆನೇಕಲ್ಲು ಒಂದು ಕಡೆ. ಉಳಿದ ಎಂಟು ತಾಲ್ಲೂಕು ಇನ್ನೊಂದು ಕಡೆ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ.

ನಾನಾಗ ಪ್ರೈಮರಿ ಸ್ಕೂಲು. "ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ?" ಅನ್ನುವುದಕ್ಕೆ ಹತ್ತೊಂಬತ್ತು ಅಂತ ಬಾಯಿಪಾಠ ಮಾಡಿದ್ದೆವು. 1956ರಲ್ಲಿ ರಾಜ್ಯ ಒಂದುಗೂಡಿದಾಗ ಇದ್ದದ್ದೂ 19, ಮೂವತ್ತು ವರ್ಷ ಆದರೂ 19. ನಮ್ಮಣ್ಣ ಓದಿದ್ದ ಹಳೇ ಪುಸ್ತಕವೇ ನನಗೂ ಬಂದಿತ್ತು, ಉತ್ತರ ಬದಲಾಗಿರಲಿಲ್ಲ. ಧ್ವಜಾರೋಹಣ ಆದ ಮಾರನೇ ವಾರ ಮೇಷ್ಟ್ರು ತರಗತಿಗೆ ಬಂದು, "ಪುಸ್ತಕ ತೆಗೀರಿ, 19 ಹೊಡೆದುಹಾಕಿ 20 ಅಂತ ಬರ್ಕೊಳ್ಳಿ, ಪೆನ್ಸಿಲ್ಲಲ್ಲಿ" ಅಂದರು. ಪೆನ್ಸಿಲ್ಲೇ ಯಾಕೆ ಸಾರ್ ಅಂದಿದ್ದಕ್ಕೆ, "ಮತ್ತೆ ಬದಲಾದರೆ?" ಅಂದಿದ್ದರು. ರಾಜ್ಯದ ಇಪ್ಪತ್ತನೆಯ ಕೂಸು ನಮ್ಮದೇ ಅಂತ ಆಮೇಲೆ ಅವರು ಹೇಳಿದಾಗ ನಮಗೆಲ್ಲ ಎದೆಯುಬ್ಬಿತ್ತು. ಅದಾದ ಮೇಲೆ 1997ರಲ್ಲಿ ಒಂದೇ ಸಲ ಏಳು ಹುಟ್ಟಿದವು, ಈಗ 31 ಆಗಿವೆ. ಮೇಷ್ಟ್ರ ಪೆನ್ಸಿಲ್ಲು ಎಷ್ಟು ದೂರ ನೋಡಿತ್ತು ಅಲ್ವಾ?

ಅವತ್ತು ಮನೆಗೆ ಬಂದು ಅಪ್ಪನನ್ನು ಕೇಳಿದ್ದೆ, ಗ್ರಾಮಾಂತರ ಅಂದರೇನು? ಅಪ್ಪ ಸ್ವಲ್ಪ ಯೋಚಿಸಿ, "ಹಳ್ಳಿ ಕಡೆ" ಅಂದರು. ನನಗೆ ಸಮಾಧಾನ ಆಗಲಿಲ್ಲ. ದೇಶಾಂತರ ಅಂದರೆ ಬೇರೆ ದೇಶ, ಜನ್ಮಾಂತರ ಅಂದರೆ ಬೇರೆ ಜನ್ಮ. ಹಾಗಿದ್ದರೆ ಗ್ರಾಮಾಂತರ ಅಂದರೆ ಬೇರೆ ಗ್ರಾಮ ಅಂತಾಗಬೇಕಲ್ಲ? ಪದದ ಬೇರು ಹಿಡಿದು ಹೋದರೆ ಹಾಗೇ ಆಗುತ್ತೆ. ಬಳಕೆಯಲ್ಲಿ ಮಾತ್ರ ಅದು ಹಳ್ಳಿಗಾಡು ಅನ್ನುವ ಅರ್ಥಕ್ಕೆ ನಿಂತುಬಿಟ್ಟಿದೆ. ಪೊಲೀಸ್ ಠಾಣೆಗೂ ಅದೇ, ಬಸ್ಸಿಗೂ ಅದೇ. ಆದರೂ ಇಷ್ಟು ವರ್ಷ ನಾವು ಬೆಂಗಳೂರಿನ "ಬೇರೆ ಗ್ರಾಮ" ಆಗಿಯೇ ಬದುಕಿದೆವಲ್ಲ ಅನ್ನಿಸುತ್ತೆ. ನಗರ ಯಾವುದು ಅಂತ ಮೊದಲು ಗೆರೆ ಎಳೆದರು, ಅದರಾಚೆ ಮಿಕ್ಕಿದ್ದಕ್ಕೆ ಹೆಸರಿಟ್ಟರು. ಮಿಕ್ಕಿದ್ದು ಅಂತ ಹೆಸರಿಡಿಸಿಕೊಂಡ ಜಿಲ್ಲೆಗೆ 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬಂತು. ಪ್ರಪಂಚದ ಮೂಲೆಮೂಲೆಯಿಂದ "ಬೆಂಗಳೂರು ಬಂತು" ಅಂತ ಜನ ಬಂದಿಳಿಯುವುದು ಗ್ರಾಮಾಂತರದ ನೆಲದ ಮೇಲೆ, ದೇವನಹಳ್ಳಿ ತಾಲ್ಲೂಕಿನಲ್ಲಿ!

ಇನ್ನೊಂದು ವಿಷಯ. ಜಿಲ್ಲೆ ನಮ್ಮದಾದರೂ ಜಿಲ್ಲಾಧಿಕಾರಿ ಕಚೇರಿ ಮಾತ್ರ ಬಹಳ ಕಾಲ ಬೆಂಗಳೂರಿನಲ್ಲೇ ಇತ್ತು, ವಿಶ್ವೇಶ್ವರಯ್ಯ ಗೋಪುರದ ಪೋಡಿಯಂ ಬ್ಲಾಕಿನಲ್ಲಿ. ಮನೆ ಹಿಸ್ಸೆ ಆದರೂ ದೇವರ ಪೆಟ್ಟಿಗೆ ಅಣ್ಣನ ಮನೆಯಲ್ಲೇ ಉಳಿದ ಹಾಗೆ. ಜಮೀನಿನ ಕಾಗದದ ಕೆಲಸಕ್ಕೆ ಅಪ್ಪ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬೆಳಗಿನ ಬಸ್ಸು, ಅಪ್ಪನ ಕಂಕುಳಲ್ಲಿ ಬಟ್ಟೆ ಚೀಲ, ಚೀಲದಲ್ಲಿ ಹಸಿರು ದಾರ ಕಟ್ಟಿದ ಕಾಗದದ ಕಟ್ಟು. ಗೋಪುರದ ಬುಡದಲ್ಲಿ ನಿಂತು ತಲೆಯೆತ್ತಿ ಮಹಡಿ ಎಣಿಸೋಕೆ ಹೋಗಿ ಕತ್ತು ನೋವು ಬಂತು. ಒಳಗೆ ಬೆಂಚಿನ ಮೇಲೆ ನಮ್ಮ ಪಕ್ಕ ಒಬ್ಬರು ಮಾಗಡಿಯವರು, ಆ ಪಕ್ಕ ಹೊಸಕೋಟೆಯವರು. ಎಲ್ಲರೂ ತಂತಮ್ಮ ಊರಿನ ಮಳೆ ಬೆಳೆ ವಿಚಾರಿಸಿಕೊಳ್ಳುತ್ತಿದ್ದರು. ಮಾಗಡಿಯವರ ಚೀಲದಿಂದ ಕಡಲೆಕಾಯಿ ಹೊರಬಂತು, ನನಗೂ ಒಂದು ಹಿಡಿ ಸಿಕ್ಕಿತು. ಒಂದೇ ಜಿಲ್ಲೆಯ ಜನ ಒಬ್ಬರ ಮುಖ ಒಬ್ಬರು ನೋಡಬೇಕಾದರೆ ಜಿಲ್ಲೆಯ ಹೊರಗೆ ಹೋಗಬೇಕಿತ್ತು ಅನ್ನಿ. ಈಗ ಆ ತೊಂದರೆ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನವೇ ಎದ್ದು ನಿಂತಿದೆ. ನಮ್ಮೂರಿಂದ ಹೋಗಿ ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು.

ಇಲ್ಲಿಗೆ ಅಕ್ಕ ತಡೆದರು. "ಅಯ್ಯೋ, ಇದೊಂದು ನಮ್ಮಲ್ಲೇ ಅಂದ್ಕೋಬೇಡ. ನನ್ನ ತಮ್ಮನ ಮಗ ಅಮೆರಿಕದಲ್ಲಿ ಇದಾನಲ್ಲ, ಅವನಿರೋ ಕಡೆನೂ ಹಂಗೇ ಅಂತೆ." ಆ ಹುಡುಗ ಇರುವುದು ವರ್ಜೀನಿಯಾದ ಹೆನ್ರಿಕೊ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ರಿಚ್ಮಂಡ್ ನಗರವನ್ನು ಮೂರು ಕಡೆಯಿಂದ ಬಳಸಿರುವ ಆ ಕೌಂಟಿಗೆ ರಿಚ್ಮಂಡ್ ಸೇರುವುದೇ ಇಲ್ಲ, ಆದರೂ ಕೌಂಟಿಯ ಕಚೇರಿ 1970ರ ದಶಕದವರೆಗೂ ರಿಚ್ಮಂಡಿನಲ್ಲೇ ಇತ್ತು. ಥೇಟ್ ನಮ್ಮದೇ ಕಥೆ, ಅಲ್ವಾ?

ಆ ಹುಡುಗ ಫೋನಿನಲ್ಲಿ ಹೇಳಿದ್ದೆಲ್ಲ ಅಕ್ಕನಿಗೆ ಬಾಯಿಗೇ ಬರುತ್ತೆ. ಇಂಗ್ಲಿಷರು ಅಲ್ಲಿ ಮೊದಲು ಎಂಟು ಕೌಂಟಿ ಮಾಡಿದ್ದು 1634ರಲ್ಲಿ. ಹೆಸರುಗಳನ್ನು ನೋಡಿದರೆ ಒಂದು ಮನೆಯ ರೇಷನ್ ಕಾರ್ಡು ಓದಿದ ಹಾಗಿದೆ. ಜೇಮ್ಸ್ ಸಿಟಿ ಅಂದರೆ ರಾಜ ಜೇಮ್ಸ್, ಹೆನ್ರಿಕೊ ಅಂದರೆ ಅವನ ಹಿರೀ ಮಗ ಹೆನ್ರಿ, ಚಾರ್ಲ್ಸ್ ಸಿಟಿ ಅಂದರೆ ಕಿರಿಯವನು ಚಾರ್ಲ್ಸ್, ಎಲಿಜಬೆತ್ ಸಿಟಿ ಅಂದರೆ ಮಗಳು. ಇದರಲ್ಲಿ ಚಾರ್ಲ್ಸ್ ಸಿಟಿ ಕೌಂಟಿ ಇದೆ ನೋಡಿ, ಇವತ್ತಿಗೂ ಅದರಲ್ಲಿ ಒಂದೇ ಒಂದು ಸಿಟಿ ಇಲ್ಲವಂತೆ, ಬರೀ ಹೊಲ, ಕಾಡು. ಸಿಟಿ ಅಂತ ಕರೆದದ್ದು ಹಳ್ಳಿಯಾಗೇ ಉಳೀತು, ಇಲ್ಲಿ ಹಳ್ಳಿ ಅಂತ ಕರೆದ ಕಡೆ ವಿಮಾನ ಇಳೀತು.

ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ಇನ್ನೆರಡು ಹೆಸರು. ಆ ಎಂಟರಲ್ಲಿ ಅಲ್ಲಿನ ಮೂಲನಿವಾಸಿಗಳ ಮಾತಿನ ಹೆಸರೂ ಇದ್ದವು. ವಾರಸ್ಕ್ವಿಯೋಕ್ ಅಂತ ಒಂದು. ಮೂರೇ ವರ್ಷಕ್ಕೆ ಅದನ್ನು ತೆಗೆದು ಇಂಗ್ಲೆಂಡಿನ ಒಂದು ದ್ವೀಪದ ಹೆಸರಿಟ್ಟರು. ಅಕೊಮ್ಯಾಕ್ ಅಂತ ಇನ್ನೊಂದು. ಅದನ್ನೂ ತೆಗೆದು ನಾರ್ಥಾಂಪ್ಟನ್ ಮಾಡಿದರು. ಆದರೆ 1663ರಲ್ಲಿ ಆ ಕೌಂಟಿಯನ್ನು ಎರಡು ಮಾಡುವಾಗ ಒಂದು ಭಾಗಕ್ಕೆ ಅಕೊಮ್ಯಾಕ್ ಅನ್ನುವ ಹಳೇ ಹೆಸರೇ ಮತ್ತೆ ಬಂತು. ಇವತ್ತಿಗೂ ಇದೆ. ಕಳೆದುಹೋದ ಹೆಸರು ಹೀಗೆ ಮನೆಗೆ ವಾಪಸ್ಸು ಬರುವುದನ್ನು ಕೇಳಿದರೆ ಖುಷಿಯಾಗಲ್ವಾ?

ಸರಿ, ಲಗ್ನಪತ್ರಿಕೆಗೆ ಬರೋಣ. ಗಂಡಿನ ಕಡೆಯವರದು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಹುಡುಗನ ಅಜ್ಜಿ ಇದ್ದಾರೆ, ತೊಂಬತ್ತರ ಹತ್ತಿರ ವಯಸ್ಸು. ಪತ್ರಿಕೆಯಲ್ಲಿ ಅವರ ಹೆಸರು ಎಲ್ಲರಿಗಿಂತ ಮೇಲೆ. ನಿಶ್ಚಿತಾರ್ಥದ ದಿನ ನಾನೂ ಹೋಗಿದ್ದೆ. ಅಜ್ಜಿ ಎಲೆ ಅಡಿಕೆ ಕುಟ್ಟಾಣಿ ಮುಂದಿಟ್ಟುಕೊಂಡು ಜಗಲಿ ಮೇಲೆ ಕೂತಿದ್ದರು. ಈ ಅಜ್ಜಿ ಮದುವೆಯಾಗಿ ಬಂದಾಗ ಆ ಮನೆ ಇದ್ದದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಅದು ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು. 2007ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ನಮ್ಮ ಎಂಟರಲ್ಲಿ ನಾಲ್ಕು ತಾಲ್ಲೂಕು ತೆಗೆದು ರಾಮನಗರ ಜಿಲ್ಲೆ ಮಾಡಿದಾಗ ಅಲ್ಲಿಗೆ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಾಯಿತು. ಅಜ್ಜಿ ಕುಟ್ಟಾಣಿ ಇಟ್ಟ ಜಗಲಿ ಮೇಲಿಂದ ಏಳದೆ ನಾಲ್ಕು ಜಿಲ್ಲೆ ಕಂಡರು! ಯಾವ ಊರಜ್ಜಿ ನಿಮ್ಮದು ಅಂತ ಕೇಳಿದರೆ ಮಾತ್ರ ಇವತ್ತಿಗೂ "ಚನ್ನಪಟ್ನದ ಕಡೆ ಕಣವ್ವ" ಅಂತಾರೆ. ಅವರ ಬಾಯಲ್ಲಿ ಜಿಲ್ಲೆ ಬರುವುದೇ ಇಲ್ಲ.

ರಾಮನಗರದ ಪಾಡು ಇನ್ನೂ ದೊಡ್ಡದು. ಟಿಪ್ಪುವಿನ ಕಾಲಕ್ಕೆ ಅದು ಶಂಸೇರಾಬಾದು. ಆಮೇಲೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ. ಆಮೇಲೆ ರಾಮನಗರ. ಕ್ಲೋಸ್‌ಪೇಟೆ ಅನ್ನುವ ಹೆಸರು ಊರಿಂದ ಹೋದರೂ ಕಲ್ಲಿನಲ್ಲಿ ಉಳಿದಿದೆ. ಭೂವಿಜ್ಞಾನದವರು ಅಲ್ಲಿಯ ಬಂಡೆಯನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಕರೆಯುವುದು.

ದಕ್ಷಿಣ ಆದಮೇಲೆ ಉತ್ತರ ಆಗದೇ ಇರುತ್ತದೆಯೇ? 2025ರ ಜುಲೈ 2ರಂದು ಸಿದ್ದರಾಮಯ್ಯನವರ ಸಚಿವ ಸಂಪುಟ ನಂದಿ ಬೆಟ್ಟದಲ್ಲಿ ಸಭೆ ಸೇರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಅಂತ ಕರೆಯಲು ಒಪ್ಪಿತು. ಅದೇ ಸಭೆಯಲ್ಲಿ ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡುವುದಕ್ಕೂ ಒಪ್ಪಿಗೆ ಸಿಕ್ಕಿತು. ನಂದಿ ಬೆಟ್ಟ ಇರುವುದು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ನಮ್ಮ ಮಗುವಿನ ನಾಮಕರಣ ನೆರೆಮನೆಯ ಪಡಸಾಲೆಯಲ್ಲಿ ಆದ ಹಾಗಾಯಿತು. ಆದರೆ ನಮ್ಮ ತಾರಸಿ ಹತ್ತಿದರೆ ನಂದಿ ಕಾಣುತ್ತೆ, ಹಾಗಾಗಿ ತೀರಾ ಪರಸ್ಥಳ ಅನ್ನೋಕೂ ಆಗಲ್ಲ.

ಈ ಉತ್ತರದ ವಿಷಯದಲ್ಲಿ ಅಕ್ಕನ ಯಜಮಾನರಿಗೆ ಒಂದು ಲೆಕ್ಕ ಇದೆ. ಅವರು ಮಗ್ಗದವರು, ಎಳೆ ಎಣಿಸಿ ಅಭ್ಯಾಸ. ಹಿತ್ತಲಲ್ಲಿ ವಿದ್ಯುತ್ ಮಗ್ಗದ ಸದ್ದು ನಿಲ್ಲಿಸಿ ಬಂದು ಅವರೂ ಕಾಂಪೌಂಡಿಗೆ ಒರಗಿದರು. "ಬೆಂಗಳೂರು ಉತ್ತರ ಅಂತ ಆಗಲೇ ಒಂದು ತಾಲ್ಲೂಕು ಇದೆ. ಅದು ನಗರ ಜಿಲ್ಲೆಯಲ್ಲಿ. ಬೆಂಗಳೂರು ಉತ್ತರ ಅಂತ ಲೋಕಸಭಾ ಕ್ಷೇತ್ರ ಇದೆ, ಅದರಲ್ಲಿ ಮಲ್ಲೇಶ್ವರ, ಹೆಬ್ಬಾಳ ಬರ್ತವೆ, ನಮ್ಮ ನಾಲ್ಕರಲ್ಲಿ ಒಂದೂ ಇಲ್ಲ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಅಂತ 2017ರಲ್ಲಿ ಆಯ್ತಲ್ಲ, ಅದು ಶುರುವಾಗಿದ್ದು ಕೋಲಾರದ ಟಮಕದಲ್ಲಿ. ಈಗ ಬೆಂಗಳೂರು ಉತ್ತರ ನಗರ ಪಾಲಿಕೆ ಬೇರೆ ಬಂದಿದೆ. ನಾವು ಐದನೆಯವರು ಕಣಮ್ಮ" ಅಂದರು. ಹೊಸಕೋಟೆಯವರ ಮಾತು ಬೇರೆ. ಅವರು ಇರುವುದು ಬೆಂಗಳೂರಿನ ಮೂಡಲಿಗೆ. ನೆಲಮಂಗಲ ವಾಯವ್ಯಕ್ಕೆ. ದಿಕ್ಕು ನೋಡಿ ಹೆಸರಿಟ್ಟರೂ ದಿಕ್ಕಿಗೆ ಸರಿಯಾಗಿ ನಿಲ್ಲುವುದು ನಾವು, ದೇವನಹಳ್ಳಿಯವರು, ಇಬ್ಬರೇ.

ಹಳೇ ಹೆಸರಿನಲ್ಲೂ ಇಂಥದೇ ಒಂದು ಗೋಜಲು ಇತ್ತು. ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರ ಅಂತ ಇದೆಯಲ್ಲ, ಚುನಾವಣೆ ಬಂದಾಗ ಟಿವಿಯವರು ಗಂಟೆಗಟ್ಟಲೆ ಮಾತಾಡುತ್ತಾರೆ. ಅದರಲ್ಲಿರುವುದು ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣ, ಕುಣಿಗಲ್, ಆನೇಕಲ್, ರಾಜರಾಜೇಶ್ವರಿ ನಗರ, ಬೆಂಗಳೂರು ದಕ್ಷಿಣ. ಈಗಿನ ಗ್ರಾಮಾಂತರ ಜಿಲ್ಲೆಯ ಒಂದು ತಾಲ್ಲೂಕೂ ಅದರೊಳಗಿಲ್ಲ! ನಾವು ನಾಲ್ವರೂ ವೋಟು ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ. ಬೆಂಗಳೂರಿನ ನೆಂಟರು ಫೋನು ಮಾಡಿ, "ನಿಮ್ಮ ಗ್ರಾಮಾಂತರದಲ್ಲಿ ಈ ಸಲ ಯಾರು?" ಅಂತ ಕೇಳಿದಾಗಲೆಲ್ಲ ನಾನು ಈ ಪುರಾಣ ಮೊದಲಿಂದ ಹೇಳಬೇಕು.

ಇದೆಲ್ಲ ಆಗಿ ಎಷ್ಟೋ ಹೊತ್ತಿಗೆ ಅಕ್ಕ ಕೇಳಿದರು, "ಹಂಗಾದ್ರೆ ನಮ್ಮ ಜಿಲ್ಲೆಗೆ ಅಂತ ಸ್ವಂತ ಹೆಸರೇ ಇಲ್ವೇನೇ?" ಇದು ನನ್ನ ಮನಸ್ಸಿನಲ್ಲೂ ಬಹಳ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ.

ಇಲ್ಲದೇ ಏನು! ಹೆಸರಿನ ಕಣಜದ ಮೇಲೆ ಕೂತಿದ್ದೇವೆ. ನಮ್ಮೂರನ್ನೇ ತಗೊಳ್ಳಿ. ಒಂದು ಹಸು ದಿನಾ ಬಂದು ಒಂದು ಹುತ್ತದ ಮೇಲೆ ಒಂದು ಬಳ್ಳ ಹಾಲು ಸುರಿಸಿ ಹೋಗುತ್ತಿತ್ತಂತೆ. ಅದಕ್ಕೇ ಬಳ್ಳಾಪುರ ಆಯಿತು ಅಂತ ಹಿರಿಯರು ಹೇಳುವ ಕಥೆ. ಬಳ್ಳ ಅಂದರೆ ಅಳತೆ. ಈಗಿನ ಮಕ್ಕಳಿಗೆ ಲೀಟರು ಬಿಟ್ಟರೆ ಗೊತ್ತಿಲ್ಲ. ನಮ್ಮಜ್ಜಿಯ ಮನೆಯಲ್ಲಿ ಬಳ್ಳ ಇತ್ತು, ಕಬ್ಬಿಣದ್ದು, ಬಾಯಿಗೆ ಹಿತ್ತಾಳೆ ಪಟ್ಟಿ. ರಾಗಿ ಅಳೆಯುವಾಗ ಅಜ್ಜಿ "ಒಂದು" ಅಂತ ಅನ್ನುತ್ತಿರಲಿಲ್ಲ, ಮೊದಲ ಬಳ್ಳಕ್ಕೆ "ಲಾಭ" ಅನ್ನುತ್ತಿದ್ದರು, ಆಮೇಲೆ ಎರಡು, ಮೂರು. ಗೋಪುರದ ಹಾಗೆ ತುಂಬಿದ ರಾಗಿಯನ್ನು ಅಂಗೈಯಿಂದ ಒಂದೇ ಸಲ ಸವರಿದರೆ ಒಂದು ಕಾಳೂ ಹೆಚ್ಚಿಲ್ಲ ಕಡಿಮೆಯಿಲ್ಲ. ಕೆಲಸದವರಿಗೆ ಅಳೆಯುವಾಗ ಮಾತ್ರ ಸವರುತ್ತಿರಲಿಲ್ಲ, ಗೋಪುರ ಸಮೇತ ಸುರಿಯುತ್ತಿದ್ದರು. ಊರಿನ ಹೆಸರು ಹೇಳುವಾಗಲೆಲ್ಲ ನನಗೆ ಆ ಬಳ್ಳದ ತಣ್ಣನೆಯ ಅಂಚು ಕೈಗೆ ಸಿಕ್ಕಿದ ಹಾಗಾಗುತ್ತೆ.

ಹೊಸಕೋಟೆ ಇದೆಯಲ್ಲ, 1595ರ ಸುಮಾರಿಗೆ ಸುಗಟೂರಿನ ತಮ್ಮೇಗೌಡರು ಕಟ್ಟಿಸಿದ ಹೊಸ ಕೋಟೆ. ನಾನೂರು ವರ್ಷ ದಾಟಿತು, ಇನ್ನೂ ಹೊಸತೇ! ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಹೋಗಿದ್ದೀರಾ? ಒಂದು ಕಾಲಕ್ಕೆ ಅದು ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಗಂಗರ ಶ್ರೀಪುರುಷ ಅಲ್ಲಿ ಕೂತು ರಾಜ್ಯ ಆಳಿದ. ದೇವನಹಳ್ಳಿ ತಾಲ್ಲೂಕಿನ ಕುಂದಾಣದಲ್ಲಿ ಹೊಯ್ಸಳರ ರಾಮನಾಥ ಇದ್ದ. ದೇವನಹಳ್ಳಿಯೇ ಮೊದಲು ದೇವನದೊಡ್ಡಿ. 1501ರಲ್ಲಿ ಆವತಿಯ ಮಲ್ಲಭೈರೇಗೌಡರು ಅಲ್ಲಿ ಕೋಟೆ ಕಟ್ಟಿಸಿದರು. 1750ರಲ್ಲಿ ಅಲ್ಲೇ ಟಿಪ್ಪು ಹುಟ್ಟಿದ, ದೊಡ್ಡವನಾಗಿ ಊರಿಗೆ ಯೂಸುಫಾಬಾದ್ ಅಂತ ಹೆಸರಿಟ್ಟ. ಆ ಹೆಸರು ಜನರ ನಾಲಿಗೆಗೆ ಹತ್ತಲೇ ಇಲ್ಲ. ಸಂತೆಗೆ ಹೋಗುವವರು ದೇವನಹಳ್ಳಿ ಅಂತಲೇ ಹೋದರು, ಚಕ್ಕೋತ ಮಾರುವವರು ದೇವನಹಳ್ಳಿ ಚಕ್ಕೋತ ಅಂತಲೇ ಕೂಗಿದರು.

ಆವತಿ ಅಂದೆನಲ್ಲ, ಅದರ ಮಾತು ಹೇಳದಿದ್ದರೆ ಈ ಹರಟೆ ಮುಗಿಯಲ್ಲ. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಪಕ್ಕ ಒಂದು ಚಿಕ್ಕ ಊರು. ಕಾರಿನವರು ನಂದಿ ಬೆಟ್ಟದ ಸೂರ್ಯೋದಯ ತಪ್ಪೀತು ಅಂತ ಆ ಕಡೆ ತಿರುಗಿಯೂ ನೋಡದೆ ಹೋಗುತ್ತಾರೆ. ಕಂಚಿಯ ಕಡೆಯಿಂದ ಬಂಡಿ ಹೂಡಿಕೊಂಡು ಸಂಸಾರ ಸಮೇತ ಹೊರಟ ಮೊರಸು ಒಕ್ಕಲಿಗರ ಏಳು ಮನೆಯವರು ರಣಭೈರೇಗೌಡರ ಮುಂದಾಳ್ತನದಲ್ಲಿ ಬಂದು ಬಂಡಿ ಬಿಚ್ಚಿದ್ದು ಇಲ್ಲೇ ಅಂತ ಹೇಳಿಕೆ. ಆವತಿ ನಾಡಪ್ರಭುಗಳು ಅಂದರೆ ಅವರೇ. ಆ ಬಳಗ ಬೆಳೆದು ಸುತ್ತಲೂ ಹರಡಿತು, ಒಂದು ಕವಲು ಯಲಹಂಕಕ್ಕೆ ಹೋಯಿತು. ಆ ಯಲಹಂಕದ ಕವಲಿನಲ್ಲಿ ಹುಟ್ಟಿದವರು ಕೆಂಪೇಗೌಡರು. 1537ರಲ್ಲಿ ಅವರು ಬೆಂಗಳೂರು ಕಟ್ಟಿದರು. ಮಿಕ್ಕಿದ್ದು ಎಲ್ಲರಿಗೂ ಗೊತ್ತಿರೋದೇ.

ಅಂದಮೇಲೆ ಯಾರು ಯಾರಿಂದ ಹುಟ್ಟಿದ್ದು ಹೇಳಿ? ಆವತಿ ತಾಯಿ, ಬೆಂಗಳೂರು ಮಗಳು. ಹಳ್ಳಿಗಳಲ್ಲಿ ಹೆಂಗಸರನ್ನು ಅವರ ಹೆಸರು ಹಿಡಿದು ಯಾರೂ ಕರೆಯಲ್ಲ, ಮಗುವಿನ ಹೆಸರು ಹಿಡಿದು "ಇಂಥವಳ ಅವ್ವ" ಅನ್ನುತ್ತಾರೆ. ವರ್ಷಗಳು ಕಳೆದ ಹಾಗೆ ಅವಳ ಸ್ವಂತ ಹೆಸರು ಊರಿಗೇ ಮರೆತುಹೋಗುತ್ತದೆ, ಒಮ್ಮೊಮ್ಮೆ ವೋಟರ್ ಚೀಟಿ ಬಂದಾಗ ಮೊಮ್ಮಕ್ಕಳು "ಅಜ್ಜಿ, ನಿನ್ನ ಹೆಸರು ಇಷ್ಟು ಚೆನ್ನಾಗಿದೆಯಾ!" ಅಂತ ಬೆರಗಾಗುತ್ತಾರೆ. ನಮ್ಮ ಜಿಲ್ಲೆಗೂ ಆದದ್ದು ಅದೇ. ಬೆಂಗಳೂರಿನ ಅವ್ವ ಆಗಿಹೋದೆವು. ಮಗಳ ಹೆಸರಿನಿಂದ ಕರೆಸಿಕೊಳ್ಳುವುದು ತಾಯಿಗೆ ಹೆಮ್ಮೆಯೇ, ನನಗೂ ಬೆಂಗಳೂರಿನ ಮೇಲೆ ಮುನಿಸಿಲ್ಲ. ಆದರೆ ತಾಯಿಗೆ ಒಂದು ಹೆಸರಿದೆ ಅನ್ನುವುದನ್ನು ಮನೆಯವರಾದರೂ ನೆನಪಿಟ್ಟುಕೊಳ್ಳಬೇಕು. ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರು ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಜ್ಜನ ಮನೆ ಬಾಗಿಲಿಗೇ ಮೊಮ್ಮಗನ ಹೆಸರು ಬಂತಲ್ಲ ಅಂತ.

"ಹೆಸರು ಬದಲಾದ್ರೆ ಜಮೀನಿನ ಬೆಲೆ ಏರುತ್ತಂತೆ" ಅಂದರು ಅಕ್ಕನ ಯಜಮಾನರು. ಏರಬಹುದು. ಬೆಂಗಳೂರು ಅನ್ನುವ ಹೆಸರಿಗೆ ಅಷ್ಟು ಬಲ ಇದೆ, ಬಂಡವಾಳ ಬರಲಿ, ನಮ್ಮ ಹುಡುಗರಿಗೆ ಕೆಲಸ ಸಿಗಲಿ ಅಂತಲೇ ಈ ಹೆಸರು ತಂದಿರುವುದು. ಆದರೆ ಮಾರಿದ ಮೇಲೆ ಆ ಹೊಲದ ಹೆಸರು ಏನಾಗುತ್ತೆ ಅಂತ ಕೇಳಿದೆ. ನಮ್ಮ ಹೊಲಗಳಿಗೂ ಹೆಸರಿರುತ್ತದೆ, ಅಲ್ವಾ? ಹುಣಸೇಮರದ ಹೊಲ, ಕಲ್ಲುಕುಂಟೆ, ಗೌಡರ ತೋಟ. ಬಡಾವಣೆ ಆದಮೇಲೆ ಅವೆಲ್ಲ ಸೈಟ್ ನಂಬರು. ಯಜಮಾನರು ಏನೂ ಅನ್ನಲಿಲ್ಲ. ಮಗ್ಗದ ಕಡೆ ಹೋದರು.

ನಮ್ಮ ಸುತ್ತ ಇಷ್ಟೆಲ್ಲ ಬದಲಾದರೂ ಒಂದು ಹೆಸರು ಮಾತ್ರ ಅಲ್ಲಾಡಿಲ್ಲ. ನಂದಿಯಲ್ಲಿ ಹುಟ್ಟುವ ಅರ್ಕಾವತಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹುಟ್ಟಿ ನಮ್ಮೂರಿನ ನಾಗರಕೆರೆಗೆ ಬರುತ್ತಾಳೆ, ಮುಂದೆ ನಗರ ಜಿಲ್ಲೆಯ ಹೆಸರಘಟ್ಟ, ಆಮೇಲೆ ತಿಪ್ಪಗೊಂಡನಹಳ್ಳಿ. ಅಲ್ಲಿ ನೆಲಮಂಗಲದ ಶಿವಗಂಗೆಯಿಂದ ಬಂದ ಕುಮುದ್ವತಿ ಸೇರಿಕೊಳ್ಳುತ್ತಾಳೆ. ಇಬ್ಬರೂ ಒಂದಾಗಿ ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ. ನಮ್ಮ ಊರಿನಿಂದ ಬೀಗರ ಸೀಮೆಗೆ ಹಾಕಿದ ದಾರಿಯ ಹಾಗೆ ಹರಿಯುತ್ತಾಳೆ. ಗ್ರಾಮಾಂತರ, ಉತ್ತರ, ನಗರ, ದಕ್ಷಿಣ ಅಂತ ನಾವು ಎಷ್ಟು ಗೆರೆ ಎಳೆದರೂ ಅರ್ಕಾವತಿ ಎಲ್ಲ ಕಡೆಯೂ ಅರ್ಕಾವತಿಯೇ. ಈಗ ಮೊದಲಿನ ಹಾಗೆ ನೀರಿಲ್ಲ ಅನ್ನುವುದೊಂದೇ ಕೊರಗು. ನಾನು ಚಿಕ್ಕವಳಿದ್ದಾಗ ಒಳ್ಳೆ ಮಳೆ ಆದ ವರ್ಷ ನಾಗರಕೆರೆ ಕೋಡಿ ಬಿದ್ದರೆ ಊರಿಗೂರೇ ನೋಡೋಕೆ ಹೋಗೋದು.

ಮಧ್ಯಾಹ್ನ ಆಗುತ್ತಾ ಬಂತು. ಅಕ್ಕನ ಬೇಳೆ ಎರಡನೇ ಸಲ ಬೆಂದಿತ್ತು. ಪ್ರೂಫಿನ ಹಾಳೆ ಕಾಂಪೌಂಡಿನ ಮೇಲೆ, ಗಾಳಿಗೆ ಹಾರದ ಹಾಗೆ ಅದರ ಮೇಲೊಂದು ತೆಂಗಿನ ಚಿಪ್ಪು. ಕೊನೆಗೆ ಏನು ಹಾಕಿಸೋಣ ಅಂತ ಅಕ್ಕ ಕೇಳಿದರು. ಜಿಲ್ಲೆಯ ಸಾಲು ಎರಡೂ ಕಡೆ ತೆಗೆಸಿಬಿಡಿ ಅಕ್ಕ ಅಂದೆ. ಬೀಗರ ಕಡೆ ಅಜ್ಜಿಯ ಹೆಸರಿನ ಕೆಳಗೆ ಅವರ ಹಳ್ಳಿ, ಅದರ ಕೆಳಗೆ ಚನ್ನಪಟ್ಟಣ ತಾಲ್ಲೂಕು. ನಮ್ಮ ಕಡೆ ಬೀದಿಯ ಹೆಸರು, ದೊಡ್ಡಬಳ್ಳಾಪುರ, ಪಿನ್ ಕೋಡು 561203. ಬರುವವರಿಗೆ ದಾರಿ ತಿಳಿಯೋಕೆ ಇಷ್ಟು ಸಾಕು. ಮಿಕ್ಕ ಜಾಗದಲ್ಲಿ ಊರಿನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ಅಂತ ಪ್ರೆಸ್ಸಿನವರಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟೆ.

ನೀವೂ ಮುಂದಿನ ಸಲ ನಂದಿ ಕಡೆ ಹೊರಟರೆ ಆವತಿಯ ಹತ್ತಿರ ಹತ್ತು ನಿಮಿಷ ಗಾಡಿ ನಿಲ್ಲಿಸಿ, ಜೊತೆಯಲ್ಲಿರುವ ಮಕ್ಕಳಿಗೆ ಆ ಹೆಸರು ಒಂದ್ಸಲ ಜೋರಾಗಿ ಹೇಳಿಸಿ.